ಗಿಡ ಕೊಡಿ, ಮಣ್ಣು ಬೇಡ

ಪ್ರಶ್ನೆ: ನಾವು ಮೈಸೂರಿನ ಒಂದು ಬಡಾವಣೆಯಲ್ಲಿದ್ದೇವೆ. ಕಳೆದ ವರ್ಷ ನಮ್ಮ ರಸ್ತೆಯ ಹದಿನಾಲ್ಕು ಮನೆಯವರು ಸೇರಿ ಗಿಡಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡೆವು. ರಸ್ತೆ ಕೊನೆಯ ಪಾರ್ಕಿನ ಮೂಲೆಯಲ್ಲಿ ಒಟ್ಟಿಗೆ ತರಕಾರಿಯನ್ನೂ ಹಾಕಿದೆವು. ಎರಡು ತಿಂಗಳಲ್ಲಿ ಎಲ್ಲರ ಮನೆಯ ದಾಸವಾಳಕ್ಕೂ ಬಿಳಿ ಹತ್ತಿಯಂಥ ಹುಳ ಬಂತು. ಪಾರ್ಕಿನ ಟೊಮೆಟೊ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದವು, ಕೊನೆಗೆ ಒಣಗಿಯೇ ಹೋದವು. ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು. ನೀರು ಹಾಕುತ್ತಿದ್ದವರು ಇಬ್ಬರು, ಕೊಯ್ದುಕೊಂಡವರು ಎಲ್ಲರೂ. ಈಗ ಅರ್ಧ ಜನ ‘ಇನ್ನು ಸಾಕು’ ಅನ್ನುತ್ತಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ಈ ಮಳೆಗಾಲಕ್ಕೆ ಮತ್ತೆ ಶುರು ಮಾಡುವುದಾದರೆ ಹೇಗೆ? ಯಾವ ಗಿಡ ಹಂಚಬಹುದು, ಯಾವುದು ಬೇಡ?

ಉತ್ತರ: ಖಂಡಿತ ಬಿಡಬೇಡಿ. ನಿಮಗೆ ಆದದ್ದು ಬಹಳ ಕಡೆ ಆಗುತ್ತದೆ, ಸರಿಪಡಿಸಲೂ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ಒಂದು ಹುಳ, ರೋಗದ್ದು. ಇನ್ನೊಂದು ಜನರದ್ದು. ಮೊದಲನೆಯದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಅಲ್ಲಿ ಒಂದು ಮಾತು ಎಲ್ಲರಿಗೂ ಮನವರಿಕೆಯಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಗಿಡ ಕೊಡುವಾಗ ಅದರ ಮಣ್ಣನ್ನು ಕೊಡಬಾರದು. ಅಷ್ಟೇ.

ನಾವು ಗಿಡ ಕೊಡುವ ರೀತಿ ನೋಡಿ. ಬೇರಿಗೆ ಪೆಟ್ಟಾಗದಿರಲಿ ಅಂತ ಹೆಂಟೆ ಸಮೇತ ಅಗೆದು, ಹಳೇ ಹಾಲಿನ ಕವರಿಗೆ ತುಂಬಿ, ‘ಇದರ ಮಣ್ಣು ಚೆನ್ನಾಗಿದೆ, ಹಾಗೇ ಇಟ್ಟುಬಿಡಿ’ ಅಂತ ಪ್ರೀತಿಯಿಂದ ಕೈಗೆ ಕೊಡುತ್ತೇವೆ. ಆ ಒಂದು ಬೊಗಸೆ ಮಣ್ಣಿನಲ್ಲಿಯೇ ನಿಮ್ಮ ಟೊಮೆಟೊ ಒಣಗಿಸಿದ ಜೀವಿ ಬಂದಿರುವ ಸಾಧ್ಯತೆ ಜಾಸ್ತಿ.

ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವುದು, ಬೇರಿನ ಮೇಲೆ ಗಂಟು, ಇವೆರಡೂ ಸೇರಿದರೆ ಅದು ಬೇರುಗಂಟು ರೋಗ. ನೆಮಟೋಡ್ ಅನ್ನುವ ಜಂತುಹುಳುವಿನ ಕೆಲಸ ಇದು. ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ಬೇರಿನೊಳಗೆ ಸೇರಿ ಅಲ್ಲೇ ನೆಲೆಸುತ್ತದೆ. ಅದರ ಸುತ್ತ ಬೇರು ಊದಿಕೊಂಡು ಗಂಟಾಗುತ್ತದೆ. ಗಂಟಾದ ಬೇರು ನೀರು, ಗೊಬ್ಬರ ಸರಿಯಾಗಿ ಮೇಲಕ್ಕೆ ಕಳಿಸುವುದಿಲ್ಲ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ತಲೆಮಾರು ತಯಾರು. ಆದರೆ ಗಮನಿಸಬೇಕಾದ್ದು ಇದು: ಈ ಜಂತು ತಾನಾಗಿ ವರ್ಷಕ್ಕೆ ಒಂದು ಮಾರು ದೂರವೂ ಸಾಗುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಅದನ್ನು ದಾಟಿಸುವವರು ನಾವೇ. ಗಿಡದ ಹೆಂಟೆಯಲ್ಲಿ, ಗುದ್ದಲಿಗೆ ಅಂಟಿದ ಕೆಸರಿನಲ್ಲಿ, ಹಳೇ ಕುಂಡದ ಮಣ್ಣಿನಲ್ಲಿ.

ಟೊಮೆಟೊ, ಬದನೆ, ಬೆಂಡೆ, ಸೌತೆ, ತುಳಸಿ ಎಲ್ಲದಕ್ಕೂ ಇದು ಬರುತ್ತದೆ. ಕನಕಾಂಬರಕ್ಕಂತೂ ಬಹಳ ಬೇಗ ಹತ್ತುತ್ತದೆ. ನಮ್ಮಲ್ಲಿ ಬೇರು ಸಮೇತ ಜಾಸ್ತಿ ಕೈ ಬದಲಾಯಿಸುವ ಗಿಡಗಳೂ ತುಳಸಿ, ಕನಕಾಂಬರವೇ ಅಲ್ವಾ? ಹಾಗಾಗಿ ಮೊದಲು ಅವುಗಳ ಬೇರು ನೋಡಿ.

ನೋಡುವುದು ಹೇಗೆ ಅಂತ ಹೇಳುತ್ತೇನೆ. ಗಿಡವನ್ನು ಎಳೆದು ಕೀಳಬೇಡಿ, ಸಣ್ಣ ಬೇರುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಸುತ್ತ ಅಗೆದು ಎತ್ತಿ, ಒಂದು ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ಅಲ್ಲಾಡಿಸಿ. ಮಣ್ಣು ಬಿಟ್ಟ ಮೇಲೆ ಬೇರನ್ನು ಬೆರಳ ತುದಿಯಲ್ಲಿ ಸವರಿ. ಆರೋಗ್ಯವಾದ ಬೇರು ಬೆಳ್ಳಗೆ, ನಯವಾಗಿ, ದಾರದಂತೆ ಸಿಗುತ್ತದೆ. ರೋಗ ಇದ್ದರೆ ಬೇರೇ ಅಲ್ಲಲ್ಲಿ ಊದಿಕೊಂಡು ಗಂಟುಗಂಟಾಗಿರುತ್ತದೆ. ಆ ಗಂಟನ್ನು ಉಗುರಿನಿಂದ ಬಿಡಿಸಲು ಹೋದರೆ ಬರುವುದಿಲ್ಲ, ಬೇರೇ ಹರಿಯುತ್ತದೆ. ಹುರುಳಿಕಾಯಿ, ಅಲಸಂದೆ, ಅವರೆ ಬೇರಲ್ಲೂ ಗಂಟು ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅವು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಗಂಟುಗಳು. ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿರುತ್ತವೆ, ಮುಟ್ಟಿದರೆ ಉದುರುತ್ತವೆ, ಸೀಳಿದರೆ ಒಳಗೆ ನಸುಗೆಂಪು. ಅವು ಇದ್ದಷ್ಟೂ ಒಳ್ಳೆಯದು. ಇನ್ನೊಂದು ವಿಷಯ. ಬೇರು ತೊಳೆದ ನೀರನ್ನು ಬೇರೆ ಗಿಡಕ್ಕೆ ಹಾಕಬೇಡಿ. ರಸ್ತೆಗೋ ಕಾಂಕ್ರೀಟಿನ ಮೇಲೋ ಬಿಸಿಲಿಗೆ ಚೆಲ್ಲಿ.

ಮಣ್ಣಿನ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಊರಿನ ಪಕ್ಕದಲ್ಲೇ ಇದೆ. ನಂಜನಗೂಡು ರಸಬಾಳೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹಣ್ಣು. ಹೆಸರು ಎಲ್ಲರಿಗೂ ಗೊತ್ತು, ಹಣ್ಣು ಸಿಗುವುದು ಮಾತ್ರ ಅಪರೂಪ. ಅದರ ಬೆಳೆ ಕುಗ್ಗಿ ಹೋಗಲು ದೊಡ್ಡ ಕಾರಣ ಪನಾಮಾ ಸೊರಗು ರೋಗ. ಇದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಬೇರಿನಿಂದ ಒಳಗೆ ಹೋಗಿ ನೀರಿನ ನಾಳಗಳನ್ನೇ ಕಟ್ಟಿಹಾಕುತ್ತದೆ. ಮೊದಲು ಹಳೇ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿನ ಸುತ್ತ ಜೋತು ಬೀಳುತ್ತವೆ. ಗಡ್ಡೆಯನ್ನು ಕತ್ತರಿಸಿದರೆ ಒಳಗೆ ಕೆಂಪು ಕಂದು ಗೆರೆ. ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಟ್ಟಲೆ ಅಲ್ಲೇ ಬದುಕಿರುತ್ತದೆ. ಇದು ದೂರದ ತೋಟಗಳಿಗೆ ಹರಡುವ ಮುಖ್ಯ ದಾರಿ ರೋಗದ ಬಾಳೆಕಂದು ಮತ್ತು ಅದಕ್ಕೆ ಅಂಟಿದ ಮಣ್ಣು. ಕಂದು ಕೊಟ್ಟವರಿಗೂ ತಂದವರಿಗೂ ಅದು ಗೊತ್ತಿರುವುದಿಲ್ಲ, ನೋಡಲು ಕಂದು ಚೆನ್ನಾಗಿಯೇ ಇರುತ್ತದೆ. ಬಂಚಿ ಟಾಪ್ ಅನ್ನುವ ಬಾಳೆಯ ವೈರಸ್ ರೋಗವೂ ಹೀಗೆ ಕಂದಿನ ಜೊತೆಗೇ ಊರೂರು ತಿರುಗುತ್ತದೆ. ಆದ್ದರಿಂದ ನಿಮ್ಮ ಹಂಚಿಕೆಯಲ್ಲಿ ಬಾಳೆಕಂದು ಬೇಡವೇ ಬೇಡ. ಬಾಳೆ ಬೇಕಾದವರು ನಂಬಿಕೆಯ ಕಡೆಯಿಂದ ಟಿಶ್ಯೂ ಕಲ್ಚರ್ (ಪ್ರಯೋಗಾಲಯದಲ್ಲಿ ಬೆಳೆಸಿದ) ಸಸಿ ತಂದುಕೊಳ್ಳಲಿ.

ಇನ್ನು ದಾಸವಾಳದ ಬಿಳಿ ಹತ್ತಿ. ಅದು ಹಿಟ್ಟು ತಿಗಣೆ. ಇದು ಮಣ್ಣಿಗಿಂತ ಹೆಚ್ಚಾಗಿ ಕಡ್ಡಿಯ ಮೇಲೆ, ಎಲೆ ತೊಟ್ಟಿನ ಸಂದಿಯಲ್ಲಿ ಕೂತು ಬರುತ್ತದೆ. ಇದರಲ್ಲೇ ಪಪ್ಪಾಯ ಹಿಟ್ಟು ತಿಗಣೆ ಅಂತ ಒಂದು ಜಾತಿ ಇದೆ. ಮೂಲ ಮೆಕ್ಸಿಕೋ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು. ನೋಡನೋಡುತ್ತ ತಮಿಳುನಾಡು, ಕರ್ನಾಟಕ, ಕೇರಳದಲ್ಲಿ ಹರಡಿತು. ಪಪ್ಪಾಯ, ದಾಸವಾಳ, ಮರಗೆಣಸು ಮಾತ್ರವಲ್ಲ, ಹಿಪ್ಪುನೇರಳೆಗೂ ಬಂದು ರೇಷ್ಮೆ ಬೆಳೆಗಾರರು ತತ್ತರಿಸಿದರು. ಔಷಧಿ ಹೊಡೆದು ಹೊಡೆದು ಸೋತರು, ಏಕೆಂದರೆ ಅದರ ಮೈಮೇಲಿನ ಮೇಣದ ಹಿಟ್ಟು ಔಷಧಿಯನ್ನು ಒಳಗೆ ಬಿಡುವುದಿಲ್ಲ. ಕೊನೆಗೆ 2010ರಲ್ಲಿ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅನ್ನುವ ಬೆಂಗಳೂರಿನ ಸಂಸ್ಥೆಯವರು ಪೋರ್ಟೊರಿಕೊದಿಂದ ಅದರ ಸಹಜ ಶತ್ರುವಾದ ಪುಟ್ಟ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಲ್ಲಿ ಬಿಟ್ಟರು. ಆ ಕಣಜ ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ಅದು ನೆಲೆಯೂರಿದ ಮೇಲೆ ಪಿಡುಗು ಹತೋಟಿಗೆ ಬಂತು. ನನ್ನ ಮಟ್ಟಿಗೆ ನಮ್ಮ ದೇಶದ ಕೃಷಿಯಲ್ಲಿ ಸದ್ದಿಲ್ಲದೆ ಆದ ಬಹಳ ದೊಡ್ಡ ಕೆಲಸ ಅದು.

ನಿಮ್ಮ ದಾಸವಾಳಕ್ಕೆ ಬಂದದ್ದು ಅದೇ ಜಾತಿಯೋ ಬೇರೆಯೋ, ಮನೆಯಲ್ಲಿ ಮಾಡುವ ಚಿಕಿತ್ಸೆ ಒಂದೇ. ಹೆಚ್ಚು ಹತ್ತಿದ ತುದಿಗಳನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ, ಚೆನ್ನಾಗಿ ಕಲಕಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ. ಇರುವೆ ಸಾಲು ಕಂಡರೆ ಅದನ್ನು ತಡೆಯಿರಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಶತ್ರು ಹುಳುಗಳನ್ನು ಓಡಿಸುತ್ತವೆ. ಘಾಟು ಔಷಧಿ ಬೇಡ. ಅದು ಮೊದಲು ಕೊಲ್ಲುವುದು ಆ ಕಣಜ ಮತ್ತು ಗುಲಗಂಜಿ ಹುಳಗಳನ್ನೇ.

ಹಾಗಾದರೆ ಮಣ್ಣಿಲ್ಲದೆ ಗಿಡ ಕೊಡುವುದು ಹೇಗೆ? ಮೂರು ದಾರಿ: ಕಡ್ಡಿ, ಬೇರು ತೊಳೆದ ಸಸಿ, ಬೀಜ.

ಕಡ್ಡಿ ಎಲ್ಲಕ್ಕಿಂತ ಸುಲಭ. ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ಚಕ್ರಮುನಿ, ದೊಡ್ಡಪತ್ರೆ, ಬಸಳೆ, ಅಮೃತಬಳ್ಳಿ, ನುಗ್ಗೆ, ವೀಳ್ಯದೆಲೆ ಎಲ್ಲವೂ ಕಡ್ಡಿಯಿಂದ ಬರುತ್ತವೆ. ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ. ಒಂದು ಗೇಣು ಉದ್ದ, ಮೂರ್ನಾಲ್ಕು ಗಿಣ್ಣು ಇರಲಿ. ಕೆಳಗಿನ ತುದಿಯನ್ನು ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಬೇರು ಜಾಸ್ತಿ ಒಡೆಯುವುದು ಆ ಗಿಣ್ಣಿನ ಹತ್ತಿರ. ಎಲೆ ಎಲ್ಲ ತೆಗೆದು ಮೇಲಿನ ಎರಡನ್ನು ಅರ್ಧ ಕತ್ತರಿಸಿ ಉಳಿಸಿ. ಸೋಪು ನೀರಿನಲ್ಲಿ ಅದ್ದಿ, ಎಲೆ ತೊಟ್ಟಿನ ಸಂದಿಗಳನ್ನು ಬೆರಳಿನಿಂದ ಉಜ್ಜಿ, ಒಳ್ಳೆ ನೀರಿನಲ್ಲಿ ತೊಳೆದು, ಒದ್ದೆ ಪೇಪರಿನಲ್ಲಿ ಸುತ್ತಿ ಕೊಡಿ. ನುಗ್ಗೆಗೆ ಮಾತ್ರ ಮಣಿಕಟ್ಟಿನ ದಪ್ಪದ, ಮೂರು ನಾಲ್ಕು ಅಡಿ ಉದ್ದದ ಕೊಂಬೆ ಬೇಕು. ಮಲ್ಲಿಗೆಗೆ ಕಡ್ಡಿಗಿಂತ ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ಒಂದು ಗಿಣ್ಣನ್ನು ಮಣ್ಣಲ್ಲಿ ಹೂತು, ಬೇರು ಬಂದ ಮೇಲೆ ಕತ್ತರಿಸಿಕೊಳ್ಳುವುದು ಖಚಿತ. ಕತ್ತರಿಸಿದ ಮೇಲೆ ಅದರ ಬೇರನ್ನೂ ತೊಳೆದೇ ಕೊಡಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಎರಡಕ್ಕೂ ಭೌಗೋಳಿಕ ಗುರುತಿದೆ. ನಿಮ್ಮ ರಸ್ತೆಯಲ್ಲಿ ಯಾರ ಮನೆಯಲ್ಲಾದರೂ ಅಜ್ಜಿಯ ಕಾಲದ ಬಳ್ಳಿ ಇದ್ದರೆ ಹಂಚಿಕೆಯನ್ನು ಅಲ್ಲಿಂದಲೇ ಶುರು ಮಾಡಿ.

ಕನಕಾಂಬರದಲ್ಲಿ ಒಂದು ಸೂಕ್ಷ್ಮ ಇದೆ. ಡೆಲ್ಲಿ ಕನಕಾಂಬರ ಅನ್ನುವ ದೊಡ್ಡ ಹೂವಿನ ತಳಿ ಬೀಜ ಕಟ್ಟುವುದಿಲ್ಲ. ಅದು ಕಡ್ಡಿಯಿಂದಲೇ ಆಗಬೇಕು. ನಾಟಿ ಕನಕಾಂಬರ ಬೀಜದಿಂದ ಬರುತ್ತದೆ. ಎರಡಕ್ಕೂ ಬೇರು ಸಮೇತ ಗಿಡ ಕೊಡುವ ಅವಶ್ಯಕತೆ ಇಲ್ಲ.

ಕಡ್ಡಿ ಹಂಚಲು ಜೂನ್ ಕೊನೆಯಿಂದ ಆಗಸ್ಟ್ ಒಳ್ಳೆಯದು. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ಮೈಸೂರಿನಲ್ಲಿ ಸೋನೆ, ಮೋಡ, ತಂಪು ಗಾಳಿ ಇರುತ್ತದೆ. ಎಲೆಯಿಂದ ನೀರು ಬೇಗ ಆರುವುದಿಲ್ಲ, ಬೇರು ಬರುವ ತನಕ ಕಡ್ಡಿ ತಡೆದುಕೊಳ್ಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹಂಚಿದ ಕಡ್ಡಿ ಸುಮ್ನೆ ಒಣಗುತ್ತದೆ. ಅದಕ್ಕೇ ಯುಗಾದಿ ಹೊತ್ತಿನ ಉತ್ಸಾಹಕ್ಕೆ ಗಿಡ ಹಂಚಬೇಡಿ ಅನ್ನುತ್ತೇನೆ.

ಸಸಿ ಅಂದರೆ ಬದನೆ, ಟೊಮೆಟೊ, ಮೆಣಸಿನಕಾಯಿ. ಇವನ್ನು ತೋಟದ ಮಣ್ಣಿನಲ್ಲಿ ಬೆಳೆಸದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಬೆರೆಸಿದ ಟ್ರೇಯಲ್ಲಿ ಬೆಳೆಸಿ. 25-30 ದಿನಕ್ಕೆ ನಾಲ್ಕೈದು ಎಲೆ ಬಂದಾಗ ಕೊಡಿ. ಹಳ್ಳಿಯಲ್ಲಿ ಸಸಿಗಳ ಬೇರನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಕಟ್ಟು ಕಟ್ಟಿ ಕೊಡುತ್ತಿದ್ದರು. ಅದು ಇವತ್ತಿಗೂ ಒಳ್ಳೆ ಪದ್ಧತಿ, ಪ್ಲಾಸ್ಟಿಕ್ ಕವರಿಗಿಂತ ತಂಪಾಗಿರುತ್ತದೆ. ಸಂಜೆ ತಂದು ಸಂಜೆಯೇ ನೆಡಬೇಕು. ಬದನೆಯಲ್ಲಿ ನಿಮ್ಮ ಊರಿನದೇ ಈರನಗೆರೆ ಬದನೆ ಇದೆಯಲ್ಲ, ಅದನ್ನು ನಿಮ್ಮ ರಸ್ತೆಯಲ್ಲಿ ಒಬ್ಬರಾದರೂ ಬೆಳೆಯಲಿ ಅಂತ ನನ್ನ ಆಸೆ.

ಕರಿಬೇವನ್ನು ಎಲ್ಲರೂ ಕೇಳುತ್ತಾರೆ. ಬುಡದಲ್ಲಿ ಏಳುವ ಮರಿಯನ್ನು ಬೇರು ಸಮೇತ ಬಿಡಿಸಿ, ತೊಳೆದು ಕೊಡಬಹುದು. ಕಪ್ಪಾದ ಹಣ್ಣಿನ ಬೀಜವನ್ನೂ ಕೊಡಬಹುದು, ಆದರೆ ಅದನ್ನು ಒಣಗಿಸಿ ಡಬ್ಬಿಯಲ್ಲಿ ಇಡಬಾರದು. ತಿರುಳು ತೆಗೆದು ಒಂದೆರಡು ವಾರದೊಳಗೆ ಬಿತ್ತದಿದ್ದರೆ ಮೊಳೆಯುವುದಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಸಸಿ ಒಯ್ಯಬಹುದಾ ಅಂತ ಹಲವರು ಕೇಳುತ್ತಾರೆ. ಬೇಡ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ರೋಗ ಹರಡುವ ಜಿಗಿಹುಳು ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಅಲ್ಲಿ ಕರಿಬೇವಿನ ಗಿಡ ಸಾಗಿಸಲು ಕಟ್ಟುನಿಟ್ಟಿನ ನಿರ್ಬಂಧ ಇದೆ.

ಬೀಜದ ವಿಷಯಕ್ಕೆ ಬಂದರೆ ನನಗೆ ಹೇಳುವುದು ಬಹಳ ಇದೆ. ಹಂಚಿಕೊಳ್ಳಲು ಬೀಜದಷ್ಟು ಹಗುರವಾದದ್ದು, ಶುದ್ಧವಾದದ್ದು ಇನ್ನೊಂದಿಲ್ಲ. ಮಲೆನಾಡಿನ ಹೆಂಗಸರು ಹಿತ್ತಲ ಬೀಜಗಳನ್ನು ತಲೆಮಾರುಗಳಿಂದ ಹೀಗೇ ಉಳಿಸಿದರು. ತವರಿನಿಂದ ಗಂಡನ ಮನೆಗೆ, ಅಲ್ಲಿಂದ ಪಕ್ಕದ ಮನೆಗೆ. ಶಿರಸಿಯ ವನಸ್ತ್ರೀ ಬಳಗ 2001ರಿಂದ ಆ ಪದ್ಧತಿಯನ್ನೇ ಗಟ್ಟಿ ಮಾಡಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ತಾರಸಿ ತೋಟದವರು ನಡೆಸುವ ‘ಊಟ ಫ್ರಮ್ ಯುವರ್ ತೋಟ’ ಮೇಳದಲ್ಲೂ ಬೀಜ ಕೈ ಬದಲಾಗುವುದನ್ನು ನೋಡಬಹುದು.

ಆದರೆ ಎಲ್ಲ ಬೀಜವೂ ತಾಯಿಯಂತೆ ಬರುವುದಿಲ್ಲ. ಟೊಮೆಟೊ, ಹುರುಳಿಕಾಯಿ, ಅಲಸಂದೆ ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತವೆ. ಅವುಗಳ ಬೀಜ ಧೈರ್ಯವಾಗಿ ಕೊಡಿ, ಅಂಗಡಿಯ ಹೈಬ್ರಿಡ್ ಆಗಿರಬಾರದು ಅಷ್ಟೇ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳಲ್ಲೂ ಎರಡು ಬಗೆ ಇವೆ. ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಅನಾಮಿಕ ಬೆಂಡೆಯ ಬೀಜ ಎತ್ತಿಡಬಹುದು. ಅರ್ಕಾ ರಕ್ಷಕ್ ಹೈಬ್ರಿಡ್, ಅದರ ಹಣ್ಣಿನ ಬೀಜ ಹಾಕಿದರೆ ಗಿಡಗಳು ಒಂದೊಂದು ಥರ ಬರುತ್ತವೆ. ಟೊಮೆಟೊ ಬೀಜವನ್ನು ರಸದ ಜೊತೆ ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ಲೋಳೆ ಬಿಟ್ಟ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ.

ಬಳ್ಳಿ ತರಕಾರಿಯ ಕಥೆಯೇ ಬೇರೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪಕ್ಕದ ಮನೆಯಲ್ಲಿ ಉದ್ದ ಸೋರೆ, ನಿಮ್ಮಲ್ಲಿ ಗುಂಡು ಸೋರೆ ಇದ್ದರೆ ಎರಡೂ ಬೆರೆತುಹೋಗುತ್ತವೆ. ತಳಿ ಉಳಿಸಬೇಕಾದರೆ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಸೋರೆಯ ಬಿಳಿ ಹೂ ಅರಳುವುದು ಸಂಜೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಅವತ್ತು ಅರಳಲಿರುವ ಒಂದು ಹೆಣ್ಣು ಮೊಗ್ಗು, ಒಂದೆರಡು ಗಂಡು ಮೊಗ್ಗುಗಳ ತುದಿಗೆ ಮಧ್ಯಾಹ್ನವೇ ಮೆಲ್ಲಗೆ ದಾರ ಕಟ್ಟಿ. ಸಂಜೆ ದಾರ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ, ಹೆಣ್ಣು ಹೂವಿಗೆ ಮತ್ತೆ ದಾರ ಕಟ್ಟಿ. ತೊಟ್ಟಿಗೆ ಕೆಂಪು ನೂಲು ಗುರುತಿಗೆ. ಆ ಒಂದು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಡಿ. ನಿಮ್ಮ ರಸ್ತೆಯ ಮಕ್ಕಳಿಗೆ ಈ ಕೆಲಸ ತೋರಿಸಿ, ಅವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಸೋರೆಕಾಯಿಯಲ್ಲಿ ಇನ್ನೊಂದು ಎಚ್ಚರಿಕೆ, ದಯವಿಟ್ಟು ಎಲ್ಲರಿಗೂ ಹೇಳಿ. ಯಾರದೋ ಮನೆಯ ಬೀಜದಿಂದ ಬಂದ ಕಾಯಿಯನ್ನು ಮೊದಲ ಸಲ ಕೊಯ್ದಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ನುಂಗಬೇಡಿ. ಕಹಿ ಇದ್ದರೆ ಉಗಿದುಬಿಡಿ. ಆ ಕಾಯಿ ಅಡಿಗೆಗೂ ಬೇಡ, ಜ್ಯೂಸಿಗಂತೂ ಬೇಡವೇ ಬೇಡ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆ ಜ್ಯೂಸ್ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಆ ಬಳ್ಳಿಯನ್ನು ಕಿತ್ತುಹಾಕಿ, ಅದರ ಬೀಜ ಯಾರಿಗೂ ಕೊಡಬೇಡಿ.

ಅವರೆಯಲ್ಲಿ ಅಪಾಯ ಇಲ್ಲ, ನಿರಾಸೆ ಇದೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಮಳೆಗಾಲದಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಸೊನೆ ಅವರೆ ಸಿಗುತ್ತದೆ. ಅದನ್ನೇ ಫೆಬ್ರುವರಿಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತಲೇ ಇರುತ್ತದೆ, ಕಾಯಿ ಕಾಣುವುದಿಲ್ಲ. ತೆಗೆದುಕೊಂಡವರು ‘ಅವರು ಕೊಟ್ಟ ಬೀಜ ಸರಿಯಿಲ್ಲ’ ಅಂದುಕೊಳ್ಳುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಹಾಗಾಗಿ ಬೀಜದ ಪೊಟ್ಟಣದ ಮೇಲೆ ಹೆಸರಿನ ಜೊತೆ ಎರಡು ಸಾಲು ಬರೆಯಿರಿ: ಯಾವ ತಿಂಗಳು ಎತ್ತಿದ್ದು, ಯಾವ ತಿಂಗಳು ಬಿತ್ತಬೇಕು. ಹಂಚುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಏಳಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಹಂಚುವುದು ಬೇಡ, ನೀವೇ ದಟ್ಟವಾಗಿ ಬಿತ್ತಿಕೊಳ್ಳಿ.

ಏನೇ ಹೊಸ ಗಿಡ ಬಂದರೂ ಮೂರು ವಾರ ಬೇರೆ ಇಡಿ. ಮೆಟ್ಟಿಲ ಪಕ್ಕವೋ ಗೇಟಿನ ಹತ್ತಿರವೋ, ಉಳಿದ ಗಿಡಗಳಿಗೆ ಎಲೆ ತಾಗದ ಜಾಗದಲ್ಲಿ. ಎಲೆಯ ಅಡಿಭಾಗ ನೋಡುತ್ತಿರಿ. ಅಡಗಿದ್ದ ಮೊಟ್ಟೆ ಏನಿದ್ದರೂ ಅಷ್ಟರಲ್ಲಿ ಒಡೆದು ಕಾಣಿಸಿಕೊಳ್ಳುತ್ತದೆ. ನರ್ಸರಿಯಿಂದ ತಂದದ್ದಕ್ಕೂ ಇದೇ ನಿಯಮ. ಹಂಚಿಕೆಗೆ ಬೇಡದ್ದು ಇನ್ನೆರಡು: ಮಕ್ಕಳಿರುವ ಮನೆಗೆ ಕಣಗಿಲೆ, ದತ್ತೂರಿಯಂಥ ವಿಷದ ಗಿಡ, ಮತ್ತು ಕಾಡಿನಿಂದ ಕಿತ್ತು ತಂದ ಸೀತಾಳೆ ದಂಡೆ ಅನ್ನುವ ಆರ್ಕಿಡ್. ಸೀತಾಳೆ ಮರದ ಮೇಲೆ ಚೆನ್ನಾಗಿರುತ್ತದೆ, ಅಲ್ಲೇ ಇರಲಿ.

ಈಗ ಜನರ ವಿಷಯ. ನನ್ನ ಅಭಿಪ್ರಾಯ ಖಡಾಖಂಡಿತ: ಎಲ್ಲರ ಮಡಿ ಅಂದರೆ ಯಾರ ಮಡಿಯೂ ಅಲ್ಲ. ಒಟ್ಟಿಗೆ ಬೆಳೆಯುವ ಆಸೆ ಇದ್ದರೂ ತರಕಾರಿ ಮಡಿಗಳನ್ನು ಮನೆಗೊಂದರಂತೆ ಹಂಚಿಬಿಡಿ. ನಾಲ್ಕು ಅಡಿ ಅಗಲ, ಎಂಟು ಹತ್ತು ಅಡಿ ಉದ್ದ, ನಡುವೆ ಎರಡು ಅಡಿ ದಾರಿ. ನಾಲ್ಕಡಿ ಇದ್ದರೆ ಎರಡೂ ಕಡೆಯಿಂದ ಕೈ ನಿಲುಕುತ್ತದೆ, ಮಡಿ ಮೇಲೆ ಕಾಲಿಟ್ಟು ಮಣ್ಣು ಗಟ್ಟಿ ಮಾಡುವ ಪ್ರಮೇಯ ಬರುವುದಿಲ್ಲ. ಏನು ಬೆಳೆಯಬೇಕು, ಯಾವಾಗ ಕೊಯ್ಯಬೇಕು ಅನ್ನುವುದು ಆ ಮನೆಯವರ ಇಷ್ಟ. ಹದಿನಾಲ್ಕು ಮನೆಗೂ ಮಡಿ ಬೇಕಿಲ್ಲ. ಕೇಳಿದವರಿಗೆ ಮಾತ್ರ ಕೊಡಿ, ಐದೇ ಮನೆ ಮುಂದೆ ಬಂದರೂ ಐದರಿಂದಲೇ ಶುರು ಮಾಡಿ. ಕರಿಬೇವು, ನಿಂಬೆ, ನುಗ್ಗೆ, ದೊಡ್ಡಪತ್ರೆ, ಒಂದೆಲಗ, ಇವು ಅಂಚಿನಲ್ಲಿ ಎಲ್ಲರಿಗೂ ಸೇರಿದ್ದಾಗಿರಲಿ. ಇವು ಎಷ್ಟು ಕಿತ್ತರೂ ಚಿಗುರುತ್ತವೆ, ಜಗಳಕ್ಕೆ ಆಸ್ಪದ ಕೊಡುವುದಿಲ್ಲ.

ನೀರಿಗೆ ವಾರದ ಸರದಿ ಬರೆದು ಹಾಕಿ. ಒಂದು ಮನೆ ಒಂದು ದಿನ, ಆ ದಿನ ಎಲ್ಲ ಮಡಿಗೂ ಅವರೇ. ಊರಿಗೆ ಹೋಗುವವರು ಇನ್ನೊಬ್ಬರ ಜೊತೆ ದಿನ ಬದಲಾಯಿಸಿಕೊಳ್ಳಲಿ. ಮಡಿಗಳ ಮೇಲೆ ಒಣಗಿದ ಎಲೆ, ಹುಲ್ಲು ಹೊದಿಸಿದರೆ ಬೇಸಿಗೆಯಲ್ಲೂ ನೀರು ಎಷ್ಟೋ ಉಳಿಯುತ್ತದೆ. ಒಂದು ತಿಂಗಳು ತಿರುಗಿ ನೋಡದ ಮಡಿ ಮುಂದಿನವರಿಗೆ ಹೋಗುತ್ತದೆ ಅಂತ ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳಿ. ಆಮೇಲೆ ಹೇಳಿದರೆ ಮನಸ್ತಾಪ. ಕಳೆದ ವರ್ಷ ನೀರು ಹಾಕಿದ ಆ ಇಬ್ಬರಿಗೆ ಮೊದಲ ಎರಡು ಮಡಿ ಆರಿಸಿಕೊಳ್ಳಲು ಬಿಡಿ. ಡ್ರಮ್ಮು, ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದೂ ಸರದಿಯವರ ಕೆಲಸ. ಡೆಂಗೆ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಎಂಟು ಹತ್ತು ದಿನ ಸಾಕು.

ಪಾರ್ಕಿನ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬಡಾವಣೆಯ ಪಾರ್ಕು ಸಾರ್ವಜನಿಕರದ್ದು. ಅದನ್ನು ಬೇರೆ ಬಳಕೆಗೆ ಬಿಡದಂತೆ ಕಾಪಾಡಲು 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಬೇಲಿ ಹಾಕಿ ‘ನಮ್ಮ ತೋಟ’ ಅನ್ನಲು ಬರುವುದಿಲ್ಲ. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಎಲ್ಲ ಮನೆಯವರ ಸಹಿ ಇರುವ ಅರ್ಜಿ ಕೊಡಿ. ಎಷ್ಟು ಜಾಗ, ಯಾವ ಗಿಡ, ನೀರು ಎಲ್ಲಿಂದ ಅನ್ನುವುದನ್ನು ಒಂದು ಸಣ್ಣ ನಕ್ಷೆಯ ಜೊತೆ ಬರೆಯಿರಿ. ಒಪ್ಪಿಗೆ ಬರಹದಲ್ಲಿರಲಿ. ಸಿಗದಿದ್ದರೆ ಒಂದು ಮನೆಯ ತಾರಸಿ ಅಥವಾ ಖಾಲಿ ಸೈಟಿನವರ ಅನುಮತಿ ನೋಡಿ.

ಒಪ್ಪಿಗೆ ಬರುವ ತನಕ ಸುಮ್ನೆ ಕೂರಬೇಕಾಗಿಲ್ಲ, ಪಾರ್ಕಿನ ಆ ಹಳೇ ಮಡಿಗೆ ಈಗಲೇ ಚಿಕಿತ್ಸೆ ಶುರು ಮಾಡಿ. ಮೈಸೂರಿನ ಏಪ್ರಿಲ್, ಮೇ ಬಿಸಿಲು ಅದಕ್ಕೆ ಸರಿಯಾದ ಕಾಲ. ಉಳಿದ ಬೇರುಗಳನ್ನೆಲ್ಲ ಆರಿಸಿ ತೆಗೆದು, ಮಣ್ಣು ಅಗೆದು ಸಡಿಲ ಮಾಡಿ, ಚೆನ್ನಾಗಿ ನೀರು ಹಾಯಿಸಿ. ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ಕಪ್ಪು ಹಾಳೆ ಬೇಡ, ಬಿಸಿಲು ಮಣ್ಣಿನ ತನಕ ಇಳಿಯಬೇಕು. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ನಡುವೆ ಜೋರು ಮಳೆ ಬಂದರೆ ಹಾಳೆ ಮೇಲೆ ನಿಂತ ನೀರನ್ನು ತೆಗೆಯಿರಿ. ತೆಗೆದ ಮೇಲೆ ಚದರ ಮೀಟರಿಗೆ ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ, ಎರಡು ವಾರ ತೇವ ಇಟ್ಟು, ಜೂನ್‌ನಲ್ಲಿ ಚೆಂಡುಹೂವನ್ನು ದಟ್ಟವಾಗಿ ಹಾಕಿ. ಚೆಂಡುಹೂವಿನ ಬೇರು ಆ ಜಂತನ್ನು ಕಡಿಮೆ ಮಾಡುತ್ತದೆ. ಅಲ್ಲಲ್ಲಿ ಒಂದಾದರೂ ಬೆಂಡೆ ಗಿಡ ಇರಲಿ. ಒಂದೂವರೆ ತಿಂಗಳಿಗೆ ಆ ಬೆಂಡೆಗಳನ್ನು ಅಗೆದು, ಬಕೆಟ್ಟಿನಲ್ಲಿ ತೊಳೆದು ಬೇರು ಸವರಿ ನೋಡಿ. ಗಂಟು ಇಲ್ಲದಿದ್ದರೆ ದಸರಾ ಹೊತ್ತಿಗೆ ಟೊಮೆಟೊ ಸಸಿ ಇಡಬಹುದು. ಇದ್ದರೆ ಆ ಮಡಿಗೆ ಇನ್ನೊಂದು ವರ್ಷ ಚೆಂಡುಹೂ, ಜೋಳ, ಈರುಳ್ಳಿ ಮಾತ್ರ. ಆ ಮಣ್ಣು ಒಂದು ಬೊಗಸೆಯೂ ಬೇರೆ ಮಡಿಗೆ ಹೋಗದಂತೆ ಗುದ್ದಲಿಯನ್ನು ಪ್ರತಿ ಸಲ ತೊಳೆದಿಡಿ.